ನಾಲ್ಕು ವರ್ಷ ಬಳಸಿದ ಮೇಲೆ: ಬಿಡಿಎನ್‌ಎಫ್ ಎಲೈಸಾ ಕಿಟ್

ನಿಮ್ಮ ಸ್ಯಾಂಪಲ್ ಯಾವುದು? ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಎಂಬ ಪ್ರೋಟೀನನ್ನು ಪ್ರತಿಕಾಯಗಳಿಂದ ಅಳೆಯುವ ಈ ಕಿಟ್ ತರಿಸಬಹುದೇ ಎಂದು ಯಾರು ಕೇಳಿದರೂ ನಾನು ಮೊದಲು ಕೇಳುವುದು ಇದನ್ನೇ. ಮನುಷ್ಯರ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಬೇರ್ಪಡುವ ದ್ರವ) ಆದರೆ ಧೈರ್ಯವಾಗಿ ತರಿಸಿ. ಮಿದುಳಿನ ಅಂಗಾಂಶವಾದರೆ ಒಂದಿಷ್ಟು ತಯಾರಿ ಬೇಕು. ಮೌಸ್‌ನ ರಕ್ತವಾದರೆ ಬೇಡವೇ ಬೇಡ. ಮೌಸ್‌ನ ಪ್ಲೇಟ್‌ಲೆಟ್‌ಗಳಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳಲ್ಲಿ, ಬಿಡಿಎನ್‌ಎಫ್ ಹೆಚ್ಚುಕಡಿಮೆ ಇರುವುದೇ ಇಲ್ಲ. ಅಲ್ಲಿ ಕಿಟ್‌ನ ಪ್ಲೇಟ್, ಬಿಡಿಎನ್‌ಎಫ್ ಇದೆ ಎನ್ನುವಂತೆ, ಹಳದಿಯಾದರೂ ಆ ಬಣ್ಣವನ್ನು ನಾನು ನಂಬುವುದಿಲ್ಲ.

ಕಿಟ್ ಕೆಲಸ ಮಾಡುವ ಬಗೆ ಎಲ್ಲರಿಗೂ ಗೊತ್ತಿರುವ ಸ್ಯಾಂಡ್‌ವಿಚ್ ವಿಧಾನ. ಪ್ಲೇಟ್‌ನ 96 ವೆಲ್‌ಗಳ (ಪುಟ್ಟ ಗುಳಿಗಳ) ತಳದಲ್ಲಿ ಬಿಡಿಎನ್‌ಎಫ್ ಹಿಡಿಯುವ ಒಂದು ಪ್ರತಿಕಾಯ, ಮೇಲಿಂದ ಬಯೋಟಿನ್ ಹೊತ್ತ ಇನ್ನೊಂದು, ಆಮೇಲೆ ಬಯೋಟಿನ್‌ಗೆ ಅಂಟುವ ಕಿಣ್ವ, ಬಣ್ಣ ಬರಿಸುವ ಟಿಎಂಬಿ ಹಾಕಿದಾಗ ನೀಲಿ, ಆಮ್ಲ ಹಾಕಿದಾಗ ಹಳದಿ, 450 ನ್ಯಾನೋಮೀಟರ್‌ನಲ್ಲಿ ಆ ಬಣ್ಣದ ಗಾಢತೆ ಓದುವುದು. ಬೆಳಿಗ್ಗೆ ಶುರು ಮಾಡಿದರೆ ಸಂಜೆಗೆ ಅಂಕಿ ಕೈಗೆ ಬರುತ್ತದೆ. ಒಂದೇ ಸ್ಯಾಂಪಲ್ ಹಾಕಿದ ಜೋಡಿ ವೆಲ್‌ಗಳು ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ. ತೊಳೆಯುವುದರಲ್ಲಿ ಅವಸರ ಮಾಡಿದ ದಿನ ಮಾತ್ರ ಅಂಚಿನ ವೆಲ್‌ಗಳು ಕೈಕೊಟ್ಟಿವೆ.

ಮೊದಲ ವರ್ಷ ನಮ್ಮನ್ನು ಕಾಡಿದ ತೊಂದರೆಗೆ ಕಿಟ್ ಕಾರಣವಾಗಿರಲಿಲ್ಲ. ಒಂದು ಗುಂಪಿನ ಸೀರಮ್ ಅಂಕಿಗಳೆಲ್ಲ ಒಟ್ಟಿಗೆ ಕುಸಿದಿದ್ದವು. ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ಬಿಡಿಎನ್‌ಎಫ್) ಕೆಟ್ಟಿದೆಯೇ, ಪಿಪೆಟ್ ತಪ್ಪಿದೆಯೇ ಎಂದು ವಾರಗಟ್ಟಲೆ ಹುಡುಕಿದೆವು. ಕೊನೆಗೆ ರಕ್ತ ತೆಗೆದ ದಿನಗಳ ದಾಖಲೆ ತಿರುವಿದಾಗ ತಿಳಿಯಿತು: ಆ ಟ್ಯೂಬ್‌ಗಳನ್ನು ಸರಿಯಾಗಿ ಹೆಪ್ಪುಗಟ್ಟಲು ಬಿಡದೆ ಸೆಂಟ್ರಿಫ್ಯೂಜ್‌ಗೆ ಹಾಕಿದ್ದರು. ರಕ್ತದ ಬಿಡಿಎನ್‌ಎಫ್‌ನ ಬಹುಪಾಲು ಪ್ಲೇಟ್‌ಲೆಟ್‌ಗಳ ಒಳಗಿರುತ್ತದೆ, ಹೆಪ್ಪುಗಟ್ಟುವಾಗ ಹೊರಬರುತ್ತದೆ. ಸೀರಮ್‌ನಲ್ಲಿ, ಹೆಪ್ಪುಗಟ್ಟದಂತೆ ತಡೆದು ಬೇರ್ಪಡಿಸಿದ ಪ್ಲಾಸ್ಮಾಕ್ಕಿಂತ ಹಲವು ಪಟ್ಟು ಹೆಚ್ಚು ಸಿಗುವುದು ಅದಕ್ಕೇ. ಅಂದಿನಿಂದ ಪ್ರತಿ ಟ್ಯೂಬನ್ನೂ ಒಂದು ಗಂಟೆ ಕೋಣೆಯ ತಾಪಮಾನದಲ್ಲಿ ಇಟ್ಟು, ಗಡಿಯಾರ ನೋಡಿ ಬರೆದುಕೊಂಡೇ ಮುಂದುವರಿಯುತ್ತೇವೆ. ಈ ಸಮಯ ಏಕೆ ಮುಖ್ಯ ಎಂದು ಕಿಟ್‌ನ ಕೈಪಿಡಿ ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು.

ಅಂಗಾಂಶದ ವಿಷಯ ಬೇರೆ. ಬಿಡಿಎನ್‌ಎಫ್ ಧನ ಆವೇಶದ, ಅಂಟುವ ಸ್ವಭಾವದ ಪ್ರೋಟೀನ್. ಸಾಮಾನ್ಯ ಪ್ಲಾಸ್ಟಿಕ್ ಟ್ಯೂಬಿನ ಗೋಡೆಗೇ ಅಂಟಿಕೊಂಡು ಕಳೆದುಹೋಗುತ್ತದೆ. ಕಡಿಮೆ ಅಂಟುವ ಟ್ಯೂಬ್ ಬಳಸಿ, ಬಫರ್‌ಗೆ ಆಲ್ಬುಮಿನ್ ಸೇರಿಸಿದ ಮೇಲೆ ನಮ್ಮ ಅಂಕಿಗಳು ಸ್ಥಿರವಾದವು. ಸೀರಮನ್ನು 20, 40, 80 ಪಟ್ಟು ತೆಳುಮಾಡಿ ಲೆಕ್ಕ ಹಾಕಿದರೆ ಉತ್ತರ ಹೆಚ್ಚುಕಡಿಮೆ ಒಂದೇ ಬರುತ್ತದೆ. ಹಿಪೊಕ್ಯಾಂಪಸ್ (ಮಿದುಳಿನ ನೆನಪಿನ ಭಾಗ) ಸ್ಯಾಂಪಲ್ ಮಾತ್ರ ದಟ್ಟವಾಗಿದ್ದಾಗ ಇರುವುದಕ್ಕಿಂತ ಕಡಿಮೆ ತೋರಿಸಿತು, ತೆಳುಮಾಡಿದಷ್ಟೂ ಸರಿಹೋಯಿತು. ನನ್ನ ನಂಬಿಕೆ ಗಟ್ಟಿಯಾದದ್ದು ಮುಂಮಿದುಳಿನಲ್ಲಿ ಬಿಡಿಎನ್‌ಎಫ್‌ನ ಜೀನ್ ತೆಗೆದಿದ್ದ ಮೌಸ್‌ಗಳ ಅಂಗಾಂಶ ನಮಗೆ ಸಿಕ್ಕಾಗ. ಅವುಗಳ ಹಿಪೊಕ್ಯಾಂಪಸ್ ಸ್ಯಾಂಪಲ್ ಖಾಲಿ ವೆಲ್‌ನ ಹತ್ತಿರಕ್ಕೆ ಇಳಿಯಿತು. ಪ್ರತಿಕಾಯ ಸರಿಯಾದುದನ್ನೇ ಹಿಡಿಯುತ್ತಿದೆ ಎನ್ನಲು ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಬೇರೆ ಇಲ್ಲ. ನಿಮಗೂ ಅಂಥ ಅಂಗಾಂಶ ಸಿಗುವಂತಿದ್ದರೆ ದಯವಿಟ್ಟು ಒಮ್ಮೆ ಹಾಕಿ ನೋಡಿ.

ಒಂದು ಮಿತಿ ಇದೆ. ಪ್ರೊಬಿಡಿಎನ್‌ಎಫ್ (ಬಿಡಿಎನ್‌ಎಫ್‌ನ ಇನ್ನೂ ಕತ್ತರಿಸದ ಪೂರ್ವರೂಪ) ಸುಮಾರು 32 ಕಿಲೋಡಾಲ್ಟನ್, ಪಕ್ವ ರೂಪ ಸುಮಾರು 14. ಪಕ್ವ ರೂಪ ಕೋಶದ ಮೇಲಿನ ಟಿಆರ್‌ಕೆಬಿ ಎಂಬ ಗ್ರಾಹಕಕ್ಕೆ (ರಿಸೆಪ್ಟರ್‌ಗೆ) ಅಂಟಿ ನರಕೋಶವನ್ನು ಉಳಿಸಿದರೆ, ಪ್ರೊ ರೂಪ ಪಿ75 ಎಂಬ ಇನ್ನೊಂದು ಗ್ರಾಹಕದ ಮೂಲಕ ಅದರ ಸಾವಿಗೂ ಕಾರಣವಾಗಬಲ್ಲದು. ಈ ಕಿಟ್ ಪ್ರೊ ರೂಪವನ್ನೂ ಸ್ವಲ್ಪ ಹಿಡಿಯುತ್ತದೆ ಎಂದು ಕೈಪಿಡಿಯಲ್ಲೇ ಇದೆ. ಇವೆರಡರ ಅನುಪಾತವೇ ನಿಮ್ಮ ಪ್ರಶ್ನೆಯಾಗಿದ್ದರೆ ಪ್ರೋಟೀನ್‌ಗಳನ್ನು ಗಾತ್ರದ ಮೇಲೆ ಬೇರ್ಪಡಿಸಿ ನೋಡುವ ವೆಸ್ಟರ್ನ್ ಬ್ಲಾಟ್ ತಪ್ಪಿದ್ದಲ್ಲ.

ನನ್ನ ನಿಜವಾದ ದೂರು ಲಾಟ್ (ಒಟ್ಟಿಗೆ ತಯಾರಾದ ಕಿಟ್‌ಗಳ ಕಂತು) ಬದಲಾವಣೆಯ ಬಗ್ಗೆ. ಮೂರನೇ ವರ್ಷ ಒಂದು ಅಧ್ಯಯನದ ಅರ್ಧ ಸ್ಯಾಂಪಲ್ ಹಳೇ ಲಾಟ್‌ನಲ್ಲಿ ಮುಗಿದಿತ್ತು. ಉಳಿದರ್ಧಕ್ಕೆ ಹೊಸ ಲಾಟ್ ಬಂತು. ಹೋಲಿಕೆಗೆಂದು ನಾವು ಪ್ರತಿ ಪ್ಲೇಟ್‌ನಲ್ಲೂ ಹಾಕುವ ನಿಯಂತ್ರಣ ಸೀರಮ್ ಅದರಲ್ಲಿ ಎದ್ದುಕಾಣುವಷ್ಟು ಕಡಿಮೆ ಓದಿತು. ಸ್ಟ್ಯಾಂಡರ್ಡ್ ಕರ್ವ್ ನೋಡಿದರೆ ಯಾವ ದೋಷವೂ ಇಲ್ಲ. ಕಂಪನಿಗೆ ಬರೆದಾಗ, ಎರಡೂ ಲಾಟ್ ತಮ್ಮ ಮಿತಿಯೊಳಗಿವೆ ಎಂಬ ಉತ್ತರ ಬಂತು. ಮಿತಿಯೊಳಗಿರಬಹುದು, ಆದರೆ ಗುಂಪುಗಳ ನಡುವೆ ನಾವು ಹುಡುಕುತ್ತಿದ್ದ ವ್ಯತ್ಯಾಸವೂ ಅಷ್ಟೇ ಗಾತ್ರದ್ದು. ಎಲ್ಲವನ್ನೂ ಮತ್ತೆ ಹಾಕಿದೆವು. ಕೆಲವು ಸ್ಯಾಂಪಲ್‌ಗಳಲ್ಲಿ ಎರಡನೇ ಸಲಕ್ಕೆ ಸಾಕಾಗುವಷ್ಟು ಸೀರಮ್ ಉಳಿದಿರಲಿಲ್ಲ. ರಕ್ತ ಕೊಟ್ಟವರ ಮುಖ ನೆನಪಾದಾಗ ಈಗಲೂ ಬೇಸರವಾಗುತ್ತದೆ.

ಹಾಗಿದ್ದೂ ಈ ಕಿಟ್ ಬಿಟ್ಟಿಲ್ಲ. ಒಂದು ಅಧ್ಯಯನಕ್ಕೆ ಬೇಕಾದಷ್ಟು ಪ್ಲೇಟ್‌ಗಳನ್ನು ಒಂದೇ ಲಾಟ್‌ನಲ್ಲಿ ಮೊದಲೇ ಕಾದಿರಿಸುತ್ತೇವೆ, ಒಬ್ಬರ ಎಲ್ಲ ಸ್ಯಾಂಪಲ್‌ಗಳನ್ನೂ ಒಂದೇ ಪ್ಲೇಟ್‌ಗೆ ಹಾಕುತ್ತೇವೆ. ನಿಯಂತ್ರಣ ಸೀರಮನ್ನು ಸಣ್ಣ ಸಣ್ಣ ಟ್ಯೂಬ್‌ಗಳಲ್ಲಿ ಹಂಚಿ ಮೈನಸ್ 80 ಡಿಗ್ರಿಯಲ್ಲಿ ಇಟ್ಟಿದ್ದೇವೆ. ಕಳೆದ ಬಾರಿ ಹೊಸ ಲಾಟ್ ತೆರೆದ ದಿನವೇ ಹಳೇ ಪ್ಲೇಟನ್ನೂ ಪಕ್ಕದಲ್ಲಿಟ್ಟು ಓಡಿಸಿದೆವು. ಆ ಸಲ ಎರಡೂ ಹೊಂದಿದವು.