ಟ್ರೇನಿಂಗ್ ಕಾಲೇಜಿನ ಹಳೇ ವಹಿಗಳಿಗೆ ಎ4 ಸ್ಕ್ಯಾನರ್ ಸಾಕಾಗುತ್ತದೆಯೇ? ಕ್ಯಾನನ್ ಲೈಡ್ 300 ವಿಮರ್ಶೆ

ಮುಚ್ಚಿಹೋದ ಸರಕಾರಿ ಶಿಕ್ಷಕರ ತರಬೇತಿ ಸಂಸ್ಥೆಯ ಚರಿತ್ರೆ ಬರೆಯಬೇಕು, ಸ್ಮರಣ ಸಂಚಿಕೆ ತರಬೇಕು ಎಂದು ಹೊರಡುವ ಹಳೇ ವಿದ್ಯಾರ್ಥಿಗಳ ಬಳಗಕ್ಕೆ ಮೊದಲು ಹೊಳೆಯುವುದು ಒಂದು ಸ್ಕ್ಯಾನರ್ ಕೊಳ್ಳುವುದು. ಹತ್ತು ಸಾವಿರದೊಳಗೆ ಸಿಗುವ ಕ್ಯಾನನ್ ಕಂಪನಿಯ ಲೈಡ್ 300ರತ್ತ ಎಲ್ಲರ ಕಣ್ಣು ಹೋಗುವುದು ಸಹಜ. ತೆಳ್ಳಗಿದೆ, ಚೀಲದಲ್ಲಿ ಹಾಕಿಕೊಂಡು ಕಾರವಾರದ ಬಸ್ ಹತ್ತಬಹುದು. ಒಂದೇ ಯುಎಸ್‌ಬಿ ತಂತಿಯಲ್ಲಿ ಕರೆಂಟೂ ಹೋಗುತ್ತದೆ, ಚಿತ್ರವೂ ಬರುತ್ತದೆ. ಹಾಗಾಗಿ ಮಳೆಗಾಲದಲ್ಲಿ ದೀಪ ಹೋಗಿಬಂದು ಮಾಡುವ ಶಿರಸಿ, ಸಿದ್ದಾಪುರದ ಕಡೆ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೇ ಕೆಲಸ ನಡೆಯುತ್ತದೆ. ಸರ್ಟಿಫಿಕೇಟು, ಬ್ಯಾಚಿನ ಗ್ರೂಪ್ ಫೋಟೋ, ಬಿಡಿ ಆದೇಶ ಪತ್ರ ಇವಕ್ಕೆ ಇದು ನಿಜಕ್ಕೂ ಒಳ್ಳೆಯ ಯಂತ್ರ. ವಹಿಗಳಿಗೆ ಮಾತ್ರ ಬೇಡ.

ಅಳತೆ ನೋಡಿ. ಹಳೇ ದಾಖಲಾತಿ ವಹಿ, ಲಾಗ್‌ಬುಕ್, ಕ್ಯಾಶ್‌ಬುಕ್ ಸಾಮಾನ್ಯವಾಗಿ ಫುಲ್‌ಸ್ಕೇಪ್ ಹಾಳೆಯವು: ಎಂಟೂವರೆ ಇಂಚು ಅಗಲ, ಹದಿಮೂರೂವರೆ ಇಂಚು ಉದ್ದ, ಅಂದರೆ 216 ಮತ್ತು 343 ಮಿಲಿಮೀಟರ್. ಲೈಡ್ 300ರ ಗಾಜು 216 ಮತ್ತು 297. ಪ್ರತಿ ಪುಟದಲ್ಲೂ 46 ಮಿಲಿಮೀಟರ್ ಹೊರಗುಳಿಯುತ್ತದೆ. ಉಳಿಯುವುದು ಖಾಲಿ ಅಂಚಾಗಿದ್ದರೆ ಚಿಂತೆಯಿರಲಿಲ್ಲ. ಪುಟದ ಬುಡದಲ್ಲಿಯೇ ಮುಖ್ಯಾಧ್ಯಾಪಕರ ಸಹಿ, ಒಟ್ಟು ಮೊತ್ತ, ತಪಾಸಣೆಗೆ ಬಂದ ಅಧಿಕಾರಿಯ ದಿನಾಂಕ ಇರುವುದು. ಎರಡು ಸಲ ಸ್ಕ್ಯಾನ್ ಮಾಡಿ ಜೋಡಿಸಬಹುದು, ಆದರೆ 400 ಪುಟದ ವಹಿಗೆ 800 ಸ್ಕ್ಯಾನ್ ಆಗುತ್ತದೆ. ಯಂತ್ರಕ್ಕೆ ಪುಟಕ್ಕೆ ಹತ್ತು ಸೆಕೆಂಡ್ ಸಾಕು, ವಹಿಯನ್ನು ಎತ್ತಿ, ತಿರುಗಿಸಿ, ಮತ್ತೆ ನೇರ ಮಾಡಿ ಇಡುವ ಕೈಗೆ ಒಂದು ನಿಮಿಷ ಬೇಕು.

ಎರಡನೆಯ ತೊಂದರೆ ಸೆನ್ಸರಿನದು. ಇಂಥ ತೆಳು ಸ್ಕ್ಯಾನರುಗಳಲ್ಲಿ ಇರುವುದು ಸಿಐಎಸ್ ಸೆನ್ಸರ್. ಗಾಜಿಗೆ ಅಂಟಿಕೊಂಡ ಭಾಗ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಕೆಲವೇ ಮಿಲಿಮೀಟರ್ ಮೇಲೆದ್ದರೂ ಅಕ್ಷರ ಮಸುಕು, ಕಪ್ಪು ನೆರಳು ಬೇರೆ. ಹೊಲಿಗೆ ಹಾಕಿದ ದಪ್ಪ ವಹಿಯ ನಡುಮಡಿಕೆಯಲ್ಲಿ ಆಗುವುದು ಇದೇ. ಮುಚ್ಚಳದ ಮೇಲೆ ಕೈಯಿಟ್ಟು ಒತ್ತಿದರೆ ಚಿತ್ರ ಸುಧಾರಿಸುತ್ತದೆ, ಆದರೆ ಬೆನ್ನು ಬಿರಿದು ಹೊಲಿಗೆ ಕಡಿಯುತ್ತದೆ. ದಯವಿಟ್ಟು ಒತ್ತಬೇಡಿ. ಆ ವಹಿಗೆ ಇನ್ನೊಂದು ಪ್ರತಿಯಿಲ್ಲ.

ಅಂಚಿನ ಬಗ್ಗೆ ಇಷ್ಟು ಹಟ ಹಿಡಿಯಲು ಕಾರಣವಿದೆ. ಹೆಸರು, ಜನ್ಮದಿನಾಂಕ, ಊರು ಇವೆಲ್ಲ ಪುಟದ ನಡುವೆ ಇರುತ್ತವೆ. ಸಂಸ್ಥೆಯ ಬದುಕು ಇರುವುದು ಬಲತುದಿಯ ಷರಾ ಕಾಲಮಿನಲ್ಲಿ ಮತ್ತು ಮುದ್ರೆಗಳಲ್ಲಿ. ತರಬೇತಿ ನಡುವೆ ಬಿಟ್ಟವರು ಯಾಕೆ ಬಿಟ್ಟರು, ಸ್ಟೈಪೆಂಡ್ ನಿಂತದ್ದು ಯಾವಾಗ, ಸರ್ಟಿಫಿಕೇಟನ್ನು ಯಾವ ತಾರೀಖಿಗೆ ಯಾರ ಕೈಗೆ ಕೊಟ್ಟರು ಎಂಬುದೆಲ್ಲ ಅಲ್ಲೇ. ಮುದ್ರೆಯಂತೂ ಆಡಳಿತದ ಪೂರ್ತಿ ಕತೆ ಹೇಳುತ್ತದೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅಲ್ಲಿಂದ ಮುಂದೆ ಇಲ್ಲಿನ ಕನ್ನಡ ಶಾಲೆ ಮಾಸ್ತರ ತರಬೇತಿಯ ದಾರಿ ಶಿಕ್ಷಣಾಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರ ಹೆಸರಿನೊಂದಿಗೆ ಬೆಸೆದುಕೊಂಡ ಧಾರವಾಡದತ್ತ ತಿರುಗಿತು. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆ ಶಾಲೆಗಳನ್ನು ಸ್ಥಳೀಯ ಮಂಡಳಿಗಳ ಕೈಗೆ ಕೊಟ್ಟಿತು, 1947ರ ಕಾಯ್ದೆ ಆ ಏರ್ಪಾಡನ್ನು ಮತ್ತೆ ಬದಲಿಸಿತು, 1956ರ ನವೆಂಬರ್ 1ಕ್ಕೆ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಒಂದೊಂದು ಬದಲಾವಣೆಗೂ ಮುದ್ರೆ ಬೇರೆ, ನಮೂನೆ ಬೇರೆ, ಅರ್ಹತೆಯ ಹೆಸರೂ ಬೇರೆ. ಮುಲ್ಕಿ ಪರೀಕ್ಷೆ ಪಾಸಾದವರು, ಸೆಕೆಂಡ್ ಇಯರ್ ಟ್ರೇನ್ಡ್ ಎಂದು ಬರೆದ ಜಾಗದಲ್ಲಿ ಆಮೇಲೆ ಟಿಸಿಎಲ್, ಟಿಸಿಎಚ್ ಬರುತ್ತವೆ, ನಂತರ ಡಿ.ಇಡಿ, ಈಗ ಡಿ.ಎಲ್.ಇಡಿ. ಸಂಬಳದ ವಹಿಯಲ್ಲಿ ರೂಪಾಯಿ, ಆಣೆ, ಪೈ ಎಂಬ ಮೂರು ಕಾಲಮುಗಳಿದ್ದರೆ ಅದು 1957ರ ಏಪ್ರಿಲ್‌ಗಿಂತ ಹಿಂದಿನದು, ಇಲ್ಲವೇ ಹಳೇ ಛಾಪಿನ ವಹಿಯನ್ನು ಖರ್ಚು ಮಾಡುತ್ತಿದ್ದ ಕಾಲದ್ದು. ಸಾಮಾನುಗಳ ಸ್ಟಾಕ್ ವಹಿಯಲ್ಲಿ ತಕಲಿ, ಹಂಜಿ, ಚರಕ ಕಂಡರೆ 1937ರ ವಾರ್ಧಾ ಯೋಜನೆಯಿಂದ ಬಂದ, ಕೈಕಸುಬಿನ ಮೂಲಕ ಕಲಿಸುವ ಮೂಲಶಿಕ್ಷಣದ ಗಾಳಿ ಅಲ್ಲಿಗೂ ಬೀಸಿತ್ತು ಎಂದು ತಿಳಿಯಬೇಕು. 1986ರ ಶಿಕ್ಷಣ ನೀತಿಯ ನಂತರ ಡಯಟ್‌ಗಳು, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಬಂದವು. ನಮ್ಮಲ್ಲಿ ಶೈಕ್ಷಣಿಕ ಜಿಲ್ಲೆ ಎರಡು, ಹಾಗಾಗಿ ಡಯಟ್‌ಗಳೂ ಎರಡು, ಕುಮಟಾ ಮತ್ತು ಶಿರಸಿ. ಹಳೇ ಸಂಸ್ಥೆಯ ವಹಿ ಹುಡುಕುವವರು ಮೊದಲು ಅರ್ಜಿ ಕೊಡಬೇಕಾದ್ದು ಅಲ್ಲಿಗೇ.

ಈ ಕಾರಣಕ್ಕೇ ಯಾವ ಯಂತ್ರ ಬಳಸಿದರೂ ಕಲರ್ ಮೋಡ್ ಇಡಿ. ಕಪ್ಪು-ಬಿಳುಪು ಮೋಡಿನಲ್ಲಿ ನೇರಳೆ ರಬ್ಬರ್ ಸ್ಟ್ಯಾಂಪು ಅರ್ಧ ಮಾಯವಾಗುತ್ತದೆ, ಪೆನ್ಸಿಲಿನ ಟಿಕ್ ಪೂರ್ತಿ ಹೋಗುತ್ತದೆ, ತಪಾಸಣೆಯವರ ಕೆಂಪು ಶಾಯಿಗೂ ಗುಮಾಸ್ತರ ನೀಲಿ-ಕಪ್ಪು ಶಾಯಿಗೂ ವ್ಯತ್ಯಾಸ ಉಳಿಯುವುದಿಲ್ಲ. 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ, ಸಾಕು. ಲೈಡ್ 300ರ 2400 ಡಿಪಿಐ ಎಂಬ ದೊಡ್ಡ ಅಂಕಿ ಕೈಬರಹಕ್ಕೆ ಪ್ರಯೋಜನಕ್ಕಿಲ್ಲ. ಗ್ರೂಪ್ ಫೋಟೋಗೆ 600 ಇಟ್ಟುಕೊಳ್ಳಿ, ಹಿಂದಿನ ಸಾಲಿನ ಅಕ್ಕೋರುಗಳ ಮುಖವೂ ಗುರುತಿಗೆ ಸಿಗುತ್ತದೆ. ಫುಲ್‌ಸ್ಕೇಪ್ ಪುಟವೊಂದು 300 ಡಿಪಿಐನಲ್ಲಿ ಸಂಕುಚಿಸದ ಟಿಫ್ ಫೈಲ್ ಆದರೆ ಸುಮಾರು 31 ಎಂಬಿ, 400 ಪುಟಕ್ಕೆ 12 ಜಿಬಿ ದಾಟುತ್ತದೆ. ಹಾರ್ಡ್‌ಡಿಸ್ಕ್ ಕೊಳ್ಳುವ ಮೊದಲು ಈ ಲೆಕ್ಕ ಮಾಡಿಕೊಳ್ಳಿ.

ವಹಿಗಳಿಗೆ ನಮ್ಮ ಶಿಫಾರಸು ಸ್ಟ್ಯಾಂಡಿಗೆ ಕಟ್ಟಿದ ಫೋನು. 12 ಮೆಗಾಪಿಕ್ಸೆಲ್ ಚಿತ್ರ 4000 ಮತ್ತು 3000 ಚುಕ್ಕೆಗಳದ್ದು. ಒಂದೊಂದೇ ಪುಟ ತೆಗೆದರೆ 4000ವನ್ನು 13.5ರಿಂದ ಭಾಗಿಸಿ, 296 ಡಿಪಿಐ ಸಿಗುತ್ತದೆ. ಬಿಡಿಸಿದ ಎರಡು ಪುಟ ಒಟ್ಟಿಗೆ ತೆಗೆದರೆ ಅಗಲ 17 ಇಂಚು, ಆಗ 3000 ಚುಕ್ಕೆಯಲ್ಲಿ 13.5 ಇಂಚು ಹಿಡಿಸಬೇಕು, ಸಿಗುವುದು 222. ಓದಲು ಸಾಕು, ಸಣ್ಣಕ್ಷರದ ಷರಾಕ್ಕೆ ಕಷ್ಟ. 50 ಮೆಗಾಪಿಕ್ಸೆಲ್ ಎಂದು ಬರೆದ ಫೋನುಗಳೂ ಸಾಮಾನ್ಯವಾಗಿ ನಾಲ್ಕು ಚುಕ್ಕೆ ಸೇರಿಸಿ 12.5ರ ಚಿತ್ರವನ್ನೇ ಕೊಡುತ್ತವೆ. ಎರಡಡಿ ಚೌಕದ ಪ್ಲೈವುಡ್ ಹಲಗೆ, ಅದಕ್ಕೊಂದು ಕಂಬ, ಅಡ್ಡಪಟ್ಟಿ, ಫೋನ್ ಕ್ಲಾಂಪ್: ಬಡಗಿಗೆ ಹೇಳಿದರೆ ಮಾಡಿಕೊಡುತ್ತಾರೆ. 1ಎಕ್ಸ್ ಲೆನ್ಸನ್ನೇ ಬಳಸಿ, ಅಗಲದ ಲೆನ್ಸಿನಲ್ಲಿ ಅಂಚಿನ ಗೆರೆ ಬಾಗುತ್ತದೆ. ಬಿಡಿಸಿದ ವಹಿ ಪೂರ್ತಿ ಹಿಡಿಯಲು ಲೆನ್ಸ್ ಸುಮಾರು 16 ಇಂಚು ಎತ್ತರದಲ್ಲಿರಬೇಕು. ಎರಡು ಎಲ್ಇಡಿ ದೀಪ ಎಡಬಲದಿಂದ 45 ಡಿಗ್ರಿ ಓರೆಯಾಗಿರಲಿ. ತಲೆಯ ಮೇಲಿನ ಟ್ಯೂಬ್‌ಲೈಟ್ ಆರಿಸಿ, ಇಲ್ಲದಿದ್ದರೆ ಶಾಯಿ ಹೊಳೆದು ಅಕ್ಷರ ಅಳಿಸಿದಂತೆ ಕಾಣುತ್ತದೆ. ಬಟನ್ ಮುಟ್ಟಿದರೆ ಫೋನು ಅಲುಗುತ್ತದೆ, 2 ಸೆಕೆಂಡ್ ಟೈಮರ್ ಹಾಕಿ. ಮೊದಲ ಚಿತ್ರದಲ್ಲಿ ಪುಟದ ಪಕ್ಕ 15 ಸೆಂಟಿಮೀಟರಿನ ಅಳತೆಪಟ್ಟಿ ಇಡಿ, ನಿಜವಾದ ಗಾತ್ರ ಮುಂದೆಂದೂ ಸಂಶಯಕ್ಕೆ ಬೀಳುವುದಿಲ್ಲ. ಒಬ್ಬರು ಪುಟ ತಿರುಗಿಸಿ ಇನ್ನೊಬ್ಬರು ಕ್ಲಿಕ್ ಮಾಡುತ್ತ ಹೋದರೆ ಫ್ಲಾಟ್‌ಬೆಡ್‌ಗಿಂತ ಎಷ್ಟೋ ಪಾಲು ವೇಗ.

ಕರಾವಳಿಯ ಕೆಲಸಕ್ಕೆ ಕಾಲವೂ ಮುಖ್ಯ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುವ ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಹಿ ಬಿಚ್ಚದಿರುವುದೇ ಲೇಸು. ಡಿಸೆಂಬರಿನಿಂದ ಫೆಬ್ರವರಿ ಪ್ರಶಸ್ತ. ತೇವಕ್ಕೆ ಅಂಟಿಕೊಂಡ ಹಾಳೆಗಳನ್ನು ಎಳೆಯಬಾರದು. ನೆರಳಿನಲ್ಲಿ ಫ್ಯಾನ್ ಗಾಳಿಗೆ ಬಿಟ್ಟು, ಬಿಡಿಸಿಕೊಂಡಷ್ಟಕ್ಕೆ ಒತ್ತುಕಾಗದ ಸೇರಿಸುತ್ತ ಹೋಗಬೇಕು. ಬೂಸಲನ್ನು ಒದ್ದೆಬಟ್ಟೆಯಿಂದ ಒರೆಸಿದರೆ ನೇರಳೆ ಕಾಪಿಯಿಂಗ್ ಪೆನ್ಸಿಲಿನ ಬರಹ ಹಾಳೆ ತುಂಬ ಹರಡುತ್ತದೆ. ಮೆತ್ತಗಿನ ಒಣ ಬ್ರಷ್‌ನಿಂದ ಮಡಿಕೆಯಿಂದ ಹೊರಗಡೆಗೆ ಗುಡಿಸಿ, ಮೂಗಿಗೆ ಎನ್95 ಇರಲಿ. ಉಪ್ಪುಗಾಳಿಗೆ ತುಕ್ಕು ಹಿಡಿದ ಗುಂಡುಪಿನ್ನು, ಸ್ಟೇಪಲ್ ತೆಗೆದು ಹತ್ತಿನೂಲು ಕಟ್ಟಿ. ಸೆಲ್ಲೋಟೇಪ್, ಲ್ಯಾಮಿನೇಷನ್ ಎರಡೂ ಬೇಡ: ಟೇಪಿನ ಅಂಟು ಹಳದಿಯಾಗಿ ಅಕ್ಷರವನ್ನೇ ನುಂಗುತ್ತದೆ, ಲ್ಯಾಮಿನೇಷನ್ ಬಿಡಿಸಲು ಬರುವುದೇ ಇಲ್ಲ.

ಚಿತ್ರ ತೆಗೆದ ಮೇಲೆ ಓಸಿಆರ್, ಅಂದರೆ ಚಿತ್ರದಲ್ಲಿನ ಅಕ್ಷರಗಳನ್ನು ಕಂಪ್ಯೂಟರೇ ಓದಿ ಟೈಪು ಮಾಡಿಕೊಡುವುದರ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಟೆಸರಾಕ್ಟ್ ಎಂಬ ತಂತ್ರಾಂಶ ಮತ್ತು ಗೂಗಲ್ ಡ್ರೈವ್ ಅಚ್ಚಿನ ಕನ್ನಡವನ್ನು ಓದುತ್ತವೆ, ಒತ್ತಕ್ಷರದಲ್ಲಿ ಎಡವುತ್ತವೆ, ಸೊನ್ನೆಯನ್ನೂ ಅನುಸ್ವಾರವನ್ನೂ ಅದಲುಬದಲು ಮಾಡುತ್ತವೆ. ಗುಮಾಸ್ತರ ಕೂಡಿಸಿ ಬರೆದ ಮೋಡಿ ಬರಹದ ಮುಂದೆ ಸೋಲುತ್ತವೆ. ಕೈಯಿಂದ ಸೂಚಿ ಮಾಡುವುದೇ ದಾರಿ. ಊರಿನ ಹೆಸರಿಗೆ ಎರಡು ಕಾಲಂ ಇಡಿ, ವಹಿಯಲ್ಲಿದ್ದಂತೆ ಒಂದು, ಇಂದಿನ ರೂಪ ಇನ್ನೊಂದು. ಸೂಪಾ ತಾಲೂಕು ಎಂದು ಬರೆದದ್ದನ್ನು ಜೋಯಿಡಾ ಎಂದು ತಿದ್ದಿಬಿಟ್ಟರೆ ಕಾಳಿ ನದಿಯ ಅಣೆಕಟ್ಟಿನಲ್ಲಿ ಮುಳುಗಿದ ಊರಿನಿಂದ ಬಂದ ಮಾಸ್ತರರ ಗುರುತು ದಾಖಲೆಯಿಂದಲೂ ಹೋಗುತ್ತದೆ; ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟ ಕಾರವಾರ, ಅಂಕೋಲೆಯ ಹಳ್ಳಿಗಳಿಗೂ ಇದೇ ಮಾತು. ಫೈಲಿನ ಹೆಸರಿನಲ್ಲಿ ವರ್ಷ, ವಹಿಯ ಹೆಸರು, ನಾಲ್ಕಂಕಿಯ ಪುಟಸಂಖ್ಯೆ ಇರಲಿ. 0001 ಎಂದು ಬರೆಯದಿದ್ದರೆ ಅನೇಕ ಕಡೆ 10ನೇ ಪುಟ 2ನೆಯದಕ್ಕಿಂತ ಮೊದಲು ಬಂದು ಕೂರುತ್ತದೆ. ದಾಖಲಾತಿ ವಹಿಯಲ್ಲಿ ಜಾತಿ, ಜನ್ಮದಿನಾಂಕ, ಮನೆವಿಳಾಸ ಇರುತ್ತವೆ, ಆ ಪೈಕಿ ಅನೇಕರು ಇನ್ನೂ ಬದುಕಿದ್ದಾರೆ. ಪೂರ್ತಿ ಪ್ರತಿ ಸಂಸ್ಥೆಯ ಬಳಿಯೇ ಇರಲಿ, ವಾಟ್ಸಾಪ್ ಗುಂಪಿಗೆ ಆ ಕಾಲಮುಗಳನ್ನು ಮುಚ್ಚಿದ ಪ್ರತಿ ಮಾತ್ರ ಹೋಗಲಿ.