ಟೂರ್ನಿಯೋ, ಪೋಷಕರ ವಿಶ್ವಾಸವೋ: ಎರಡನ್ನೂ ಮಾಡಿ ನೋಡಿದ ಮೇಲೆ

ಮಕ್ಕಳಿಗೆ ಬ್ಯಾಡ್ಮಿಂಟನ್ ಕಲಿಸುವ ಕೇಂದ್ರ ತೆರೆದ ಮೊದಲ ವರ್ಷ ನಾನು ನೆಚ್ಚಿಕೊಂಡದ್ದು ಟೂರ್ನಿಗಳನ್ನು. ಎರಡನೆಯ ವರ್ಷ ಅವನ್ನು ಕೈಬಿಟ್ಟು ಶಾಲೆಗಳ ದೈಹಿಕ ಶಿಕ್ಷಕರನ್ನೂ ಪೋಷಕರನ್ನೂ ಹುಡುಕಿಕೊಂಡು ಹೋದೆ. ಎರಡು ದಾರಿಯಲ್ಲೂ ಮಕ್ಕಳು ಬಂದರು. ಉಳಿದುಕೊಂಡ ರೀತಿ ಮಾತ್ರ ಬೇರೆ ಬೇರೆ.

ಟೂರ್ನಿಗೆ ಜನ ಸೇರಿಸುವ ಶಕ್ತಿ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಯಾವ ಕರಪತ್ರವೂ ಹೇಳಲಾರದ್ದನ್ನು ಒಂದೇ ದಿನದಲ್ಲಿ ಪೋಷಕರು ಕಣ್ಣಾರೆ ನೋಡುತ್ತಾರೆ: ಕೋರ್ಟ್ ಹೇಗಿದೆ, ಸೋತ ಮಗುವಿನೊಡನೆ ತರಬೇತುದಾರ ಹೇಗೆ ಮಾತನಾಡುತ್ತಾನೆ. ಪ್ರವೇಶ ಶುಲ್ಕ ಶಟಲ್‌ಗೂ ಪದಕಗಳಿಗೂ ಸರಿಹೋಗುತ್ತದೆ. ಲಾಭ ಎಂದು ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ.

ನನ್ನ ತಪ್ಪು ಇದ್ದದ್ದು ಒಮ್ಮೆ ಸೋತವರು ಹೊರಬೀಳುವ ನಾಕೌಟ್ ಮಾದರಿಯಲ್ಲಿ. 32 ಮಕ್ಕಳಿದ್ದರೆ 31 ಪಂದ್ಯಗಳು. ಮೊದಲ ಸುತ್ತಿನಲ್ಲೇ 16 ಮಕ್ಕಳು ಮನೆಗೆ. ಒಬ್ಬ ಹುಡುಗ 21–4, 21–6ರಲ್ಲಿ ಸೋತು ಗೋಡೆಯ ಬದಿಗೆ ಕುಳಿತು, ಹಿಡಿಕೆಗೆ ಬೆವರೇ ತಾಗದ ರಾಕೆಟ್ ಮೇಲೆ ಕವರ್ ಎಳೆದು ಜಿಪ್ ಹಾಕಿದ. ಅವನ ತಾಯಿ ತಂದಿದ್ದ ಊಟದ ಡಬ್ಬಿ ಇನ್ನೂ ತೆರೆದಿರಲಿಲ್ಲ. ಮರುದಿನ ನಾನು ಫೋನ್ ಮಾಡಿದ್ದು ಗೆದ್ದವರ ಮನೆಗಳಿಗೆ. ಅವರಿಗೆಲ್ಲ ಆಗಲೇ ತರಬೇತುದಾರರಿದ್ದರು! ಕಲಿಯಬೇಕಾದವರನ್ನು ನಾನೇ ಒಂದೇ ಪಂದ್ಯ ಆಡಿಸಿ ಕಳುಹಿಸಿಬಿಟ್ಟಿದ್ದೆ ಎಂಬುದು ಹೊಳೆಯಲು ಮೂರು ಟೂರ್ನಿ ಬೇಕಾಯಿತು. ಆ ಹುಡುಗ ಮತ್ತೆ ಬರಲಿಲ್ಲ. ಇಂದಿಗೂ ನನಗೆ ಆ ನೋವಿದೆ.

ಒಡನಾಟದ ದಾರಿ ನಿಧಾನದ್ದು. ಶಿಕ್ಷಕರೊಬ್ಬರ ಬಳಿ ಹೋಗಿ ಮಕ್ಕಳನ್ನು ಕಳುಹಿಸಿ ಎಂದು ಕೇಳಲಿಲ್ಲ; ಅಂತರಶಾಲಾ ಪಂದ್ಯಗಳಿಗೆ ಮೊದಲು ಅವರ ತಂಡಕ್ಕೆ ಎರಡು ವಾರ ಅಭ್ಯಾಸ ಮಾಡಿಸುತ್ತೇನೆ ಎಂದೆ. ತಲೆಗಿಷ್ಟು ಎಂದು ಕಮಿಷನ್ ಕೊಡುವವರೂ ಇದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ, ಹಣ ನಡುವೆ ಬಂದ ಮೇಲೆ ಶಿಕ್ಷಕರ ಮಾತಿಗೆ ಪೋಷಕರಲ್ಲಿ ಬೆಲೆ ಉಳಿಯುವುದಿಲ್ಲ. ಪೋಷಕರಿಗಾಗಿ ಪ್ರತಿ ಮಗುವಿಗೂ ಒಂದು ನೋಟ್‌ಪುಸ್ತಕ ಇಟ್ಟೆ: ನೆಟ್ ದಾಟಿದೊಡನೆ ಹತ್ತಿರದಲ್ಲೇ ಬೀಳುವಂತೆ ಹೊಡೆಯುವ ಹತ್ತು ಶಾರ್ಟ್ ಸರ್ವಿಸ್‌ಗಳಲ್ಲಿ ಎಷ್ಟು ನೆಟ್ ದಾಟಿ ಸರಿಯಾದ ಅಂಕಣದಲ್ಲಿ ಬಿದ್ದವು, ಅಷ್ಟೇ. ಮೂರು ಇದ್ದದ್ದು ತಿಂಗಳ ಕೊನೆಗೆ ಏಳಾದಾಗ ಆ ಪುಟವನ್ನು ತಂದೆಯೊಬ್ಬರು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡರು. ಮುಂದಿನ ವಾರ ಅವರ ತಂಗಿಯ ಮಗಳೂ ಬಂದಳು.

ಇದರಲ್ಲೂ ಅಪಾಯವಿದೆ. ಒಬ್ಬ ಶಿಕ್ಷಕರಿಗೆ ವರ್ಗವಾದೊಡನೆ ಆ ಶಾಲೆಯಿಂದ ಹೊಸ ಮಕ್ಕಳು ಬರುವುದೇ ನಿಂತಿತು. ನಂಟೆಲ್ಲ ನನ್ನೊಬ್ಬನ ಮೇಲೆ ನಿಂತಿದ್ದರಿಂದ ನಾನು ಜ್ವರದಲ್ಲಿ ಮಲಗಿದ ವಾರ ಸಹಾಯಕನಿಗೆ ಯಾರಿಗೆ ಏನು ಹೇಳಬೇಕೆಂದೇ ತಿಳಿಯಲಿಲ್ಲ.

ಹೋಲಿಸಿ ಹೇಳಬೇಕೆಂದರೆ, ನಾನು ಒಡನಾಟದ ಪಕ್ಷ. ಆದರೆ ಟೂರ್ನಿಯನ್ನು ಪೂರ್ತಿ ಬಿಟ್ಟಿಲ್ಲ, ರೂಪ ಬದಲಿಸಿ ಮತ್ತೆ ನಡೆಸುತ್ತಿದ್ದೇನೆ. ಈಗ ನಾಲ್ಕು ಮಕ್ಕಳ ಎಂಟು ಗುಂಪು, ಗುಂಪಿಗೆ 6 ಪಂದ್ಯ, ಎಂದರೆ ಪ್ರತಿ ಮಗುವಿಗೂ ಕನಿಷ್ಠ ಮೂರು ಆಟ. ಗುಂಪು ಗೆದ್ದವರ ನಾಕೌಟ್ ಸೇರಿ ಒಟ್ಟು 55 ಪಂದ್ಯಗಳಾಗುವುದರಿಂದ ಗುಂಪು ಹಂತದಲ್ಲಿ 21 ಅಂಕಗಳ ಒಂದೇ ಗೇಮ್ ಆಡಿಸುತ್ತೇನೆ. ಬೇರೆ ಕೇಂದ್ರಗಳ ಮಕ್ಕಳನ್ನು ಸೆಳೆಯುವುದಿಲ್ಲ ಎಂದು ಅಲ್ಲಿನ ತರಬೇತುದಾರರಿಗೆ ಮೊದಲೇ ಮಾತು ಕೊಡುತ್ತೇನೆ. ಅದಕ್ಕೇ ಅವರು ಧೈರ್ಯವಾಗಿ ತಂಡ ಕಟ್ಟಿಕೊಂಡು ಬರುತ್ತಾರೆ.

ಹೊಸದಾಗಿ ಆರಂಭಿಸುವವರು ಒಂದೇ ಕೋರ್ಟ್ ಇದ್ದರೆ ಮೊದಲ ವರ್ಷ ಟೂರ್ನಿಯ ಗೋಜಿಗೆ ಹೋಗಬೇಡಿ. ಅಂಕ ಬರೆಯಲು ಬಲ್ಲ ನಿಮ್ಮದೇ ಮಕ್ಕಳು, ನೀರಿನ ವ್ಯವಸ್ಥೆ ನೋಡಿಕೊಳ್ಳುವ ನಿಮ್ಮದೇ ಪೋಷಕರು ಜೊತೆಗೂಡಿದ ಮೇಲೆ ನಡೆಸಿ. ಮರುದಿನದ ಮೊದಲ ಫೋನ್ ಗುಂಪಿನಲ್ಲಿ ಕೊನೆಯ ಸ್ಥಾನ ಪಡೆದ ಮಗುವಿನ ಮನೆಗೆ ಹೋಗಲಿ.