ಜಿಪ್ಸಿ ಕಿಂಗ್ 1998: ಮನೆ ಶೆಡ್ಡಿನಲ್ಲಿ ಪೂರ್ತಿ ಬಿಚ್ಚಿ ಕಟ್ಟಿ, ಹಲವು ಮಳೆಗಾಲ ಓಡಿಸಿದ ಮೇಲೆ

ಹಳೇ ಮಾರುತಿ ಜಿಪ್ಸಿ ತಗೊಂಡ ಕೂಡಲೇ ಎಲ್ಲರಿಗೂ ಲಿಫ್ಟ್ ಮತ್ತು ಟೈರಿನ ಯೋಚನೆ ಶುರುವಾಗುತ್ತದೆ. ಎಷ್ಟು ಇಂಚು ಎತ್ತಿಸೋಣ, ಎಷ್ಟು ಅಗಲದ ಟೈರ್ ಹಾಕೋಣ ಅಂತ. ಇದನ್ನು ಮನೆಯಲ್ಲೇ ಬಿಚ್ಚಿ ಕಟ್ಟಿ, ವರ್ಷಗಟ್ಟಲೆ ಓಡಿಸಿದ ಮೇಲೆ ನಾನು ಹೇಳುವುದಿಷ್ಟು: ಈ ಗಾಡಿಗೆ ಏನು ಸೇರಿಸಬೇಕು ಅನ್ನುವ ಮೊದಲು ಏನು ಇಳಿಸಬೇಕು ಅಂತ ನೋಡಿ.

ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವ ಕಿಂಗ್‌ನ 1298 ಸಿಸಿ ಎಂಜಿನ್ ಕೊಡುವುದು 60 ಬಿಎಚ್‌ಪಿ. ದೊಡ್ಡ ಶಕ್ತಿಯೇನಲ್ಲ. ಆದರೂ ಜೂನ್ ತಿಂಗಳ ಕೆಸರಿನಲ್ಲಿ ಇದು ಎಷ್ಟೋ ದೊಡ್ಡ ಗಾಡಿಗಳಿಗಿಂತ ಸಲೀಸಾಗಿ ಹತ್ತುತ್ತದೆ. ಯಾಕೆಂದರೆ ಸಾಫ್ಟ್ ಟಾಪ್, ಅಂದರೆ ಬಟ್ಟೆಯ ಚಾವಣಿಯ ಜಿಪ್ಸಿಯ ತೂಕ ಸುಮಾರು 985 ಕೆ.ಜಿ. ಹೂತುಕೊಳ್ಳುವುದೇ ಕಡಿಮೆ. ಹೂತರೂ ನಾಲ್ಕು ಜನ ಸೇರಿದರೆ ತಳ್ಳಬಹುದು. ಈ ಹಗುರ ಕಳೆದುಕೊಂಡರೆ ಜಿಪ್ಸಿಯಲ್ಲಿ ಉಳಿಯುವುದು ಬರೀ ಎಗರಾಟ ಮತ್ತು ಪೆಟ್ರೋಲ್ ಖರ್ಚು.

ನನ್ನ ಓಡಾಟ ಮೂಡಿಗೆರೆ ಕಡೆ. ತೋಟದ ರಸ್ತೆ, ಆಗಾಗ ಪೇಟೆ, ಅಪರೂಪಕ್ಕೆ ಬೆಂಗಳೂರು. ಗಾಡಿ ನನ್ನ ಕೈಗೆ ಬಂದಾಗ ಮುಂದೆ ಹಿಂದೆ ದಪ್ಪ ಕಬ್ಬಿಣದ ಬಂಪರ್, ನೆತ್ತಿಯ ಮೇಲೆ ಕ್ಯಾರಿಯರ್, ಒಳಗೆ ಪೈಪ್ ಬೆಸೆದು ಮಾಡಿದ ಕೇಜ್ ಎಲ್ಲ ಇತ್ತು. ಅಷ್ಟನ್ನೂ ಮೊದಲ ವಾರವೇ ಕಳಚಿದೆ. ಎಂಜಿನ್ ಮುಟ್ಟುವ ಮೊದಲೇ ಗಾಡಿಯ ನಡೆ ಬೇರೆಯಾಯಿತು.

ತಗೊಳ್ಳುವವರಿಗೆ ಸ್ವಲ್ಪ ಹಿನ್ನೆಲೆ. 1985ರ ಕೊನೆಯಲ್ಲಿ ಬಂದ ಮೊದಲ ಜಿಪ್ಸಿಗೆ 970 ಸಿಸಿ ಎಂಜಿನ್, ನಾಲ್ಕು ಗೇರ್. 1993ರಲ್ಲಿ ಎಡ ಬಲ ಚಕ್ರಗಳ ನಡುವಿನ ಅಂತರ ಹೆಚ್ಚಿಸಿದರು. 1996ರಲ್ಲಿ 1298 ಸಿಸಿ, ಐದು ಗೇರಿನ ಕಿಂಗ್ ಬಂತು. 2000ದಲ್ಲಿ ಕಾರ್ಬುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ 16 ವಾಲ್ವ್ ಎಂಪಿಎಫ್‌ಐ ಎಂಜಿನ್ ಬಂದು ಶಕ್ತಿ 80 ಬಿಎಚ್‌ಪಿ ಆಯಿತು. 2019ರ ಹೊತ್ತಿಗೆ ನಮ್ಮಂಥವರಿಗೆ ಮಾರುವುದು ನಿಂತಿತು. ಹೆದ್ದಾರಿ ಓಡಾಟ ಜಾಸ್ತಿ ಇದ್ದರೆ ಕಣ್ಣು ಮುಚ್ಚಿಕೊಂಡು 2000ದ ನಂತರದ್ದು ತಗೊಳ್ಳಿ. ಪಾನಾ ಹಿಡಿದು ಎಲ್ಲ ತಾವೇ ಮಾಡಬೇಕು ಅನ್ನುವವರಿಗೆ ಕಾರ್ಬುರೇಟರ್ ಗಾಡಿಯೇ ಸುಖ.

ಶೆಡ್ಡಿನ ವಿಷಯ. ಗಾಡಿಯ ಸುತ್ತ ನಡೆದಾಡುವಷ್ಟು ಜಾಗ, ಸಿಮೆಂಟ್ ನೆಲ, ಚೈನ್ ಪುಲ್ಲಿ ನೇತುಹಾಕಲು ಗಟ್ಟಿ ತೊಲೆ ಇದ್ದರೆ ಸಾಕು. ದುಡ್ಡು ಹಾಕಬೇಕಾದದ್ದು ಒಳ್ಳೆಯ ಜಾಕ್ ಸ್ಟ್ಯಾಂಡ್‌ಗಳಿಗೆ ಮತ್ತು ಒಂದು ಟಾರ್ಕ್ ರೆಂಚ್‌ಗೆ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾವತ್ತೂ ನುಗ್ಗಬೇಡಿ. ವೆಲ್ಡಿಂಗ್ ಇದ್ದ ದಿನ ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ, ಬ್ಯಾಟರಿ ವೈರ್ ಕಳಚಿ. ಮಲೆನಾಡಿನಲ್ಲಿ ಇನ್ನೊಂದು ಮಾತು ಸೇರಿಸಬೇಕು: ಬಾಡಿ ಕೆಲಸ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ. ಮಳೆಗಾಲದಲ್ಲಿ ಸಂಜೆ ಉಜ್ಜಿ ಬಿಟ್ಟ ತಗಡು ಬೆಳಗ್ಗೆ ಕೆಂಪಾಗಿರುತ್ತದೆ. ಕರೆಂಟ್ ಏರಿಳಿತದಲ್ಲಿ ಎಂಐಜಿ ವೆಲ್ಡಿಂಗ್ ಕೂಡ ಸರಿಯಾಗಿ ಕೂರುವುದಿಲ್ಲ. ಬೇಸಿಗೆಯಲ್ಲೂ ಅಷ್ಟೇ, ಆ ದಿನ ಪ್ರೈಮರ್ ಹೊಡೆಯಲು ಆಗುವಷ್ಟನ್ನೇ ಉಜ್ಜಿ.

ತುಕ್ಕು ಎಲ್ಲಿರುತ್ತದೆ ಅಂದರೆ, ಸೀಟಿನ ಕೆಳಗಿನ ನೆಲ, ವಿಂಡ್‌ಶೀಲ್ಡ್ ಚೌಕಟ್ಟಿನ ತಳ, ಹಿಂದಿನ ಚಕ್ರದ ಮೇಲಿನ ಮೂಲೆ, ಬಾಡಿ ಚಾಸಿಸ್ ಮೇಲೆ ಕೂರುವ ಜಾಗಗಳು. ಮ್ಯಾಟ್ ಎತ್ತಿ ಸ್ಕ್ರೂ ಡ್ರೈವರ್ ತುದಿಯಿಂದ ಒತ್ತಿ ನೋಡಿ. ನನ್ನದರಲ್ಲಿ ಡ್ರೈವರ್ ಕಾಲಿನ ಕೆಳಗೆ ಪೇಂಟ್ ಬಿಟ್ಟರೆ ತಗಡೇ ಇರಲಿಲ್ಲ. ಅಷ್ಟಗಲ ಕತ್ತರಿಸಿ 18 ಗೇಜ್ ಶೀಟ್ ಕೂರಿಸಿ, ಜೋಡಣೆಗೆ ಸೀಲರ್ ಬಳಿದೆ. ಕೆಲವರು ಹಳೇ ನೆಲದ ಮೇಲೆಯೇ ಹೊಸ ತಗಡು ಹೊದಿಸುತ್ತಾರೆ. ಅದು ಬೇಡ. ಎರಡು ತಗಡಿನ ನಡುವೆ ನೀರು ಕೂತು ಬೇಗ ತಿನ್ನುತ್ತದೆ, ತೂಕವೂ ಜಾಸ್ತಿ.

ಚಾಸಿಸ್ ಒಳಗಡೆ ಟೊಳ್ಳು. ನೀರು ಹೋಗುವ ತೂತುಗಳು ಮಣ್ಣು ತುಂಬಿ ಮುಚ್ಚಿರುತ್ತವೆ. ಹೊರಗೆ ಎಷ್ಟೇ ಚೆಂದ ಪೇಂಟ್ ಹೊಡೆದರೂ ಒಳಗಿನಿಂದ ತುಕ್ಕು ತಿನ್ನುತ್ತಲೇ ಇರುತ್ತದೆ. ಪ್ರೆಷರ್ ವಾಷರ್ ಪೈಪ್ ಒಳಗೆ ಬಿಟ್ಟು, ತಿಳಿ ನೀರು ಬರುವವರೆಗೆ ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ವ್ಯಾಕ್ಸ್ ಸಿಂಪಡಿಸಿದೆ. ಪ್ರತಿ ಮಳೆಗಾಲ ಮುಗಿದ ಮೇಲೆ ಮತ್ತೆ ತೊಳೆದು ವ್ಯಾಕ್ಸ್ ಹಾಕುತ್ತೇನೆ. ಇಷ್ಟು ವರ್ಷಕ್ಕೆ ಒಂದು ಕಡೆಯೂ ತೂತು ಬಿದ್ದಿಲ್ಲ. ಉಜ್ಜುವಾಗ ಚಾಸಿಸ್ ನಂಬರ್ ಮೇಲೆ ಮಾತ್ರ ಗ್ರೈಂಡರ್ ಇಡಬೇಡಿ. ಅದು ಅಳಿಸಿದರೆ ಆರ್‌ಟಿಒ ಮುಂದೆ ನಿಮ್ಮ ಗಾಡಿ ನಿಮ್ಮದೇ ಅಂತ ತೋರಿಸುವುದು ಕಷ್ಟ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಳೇ ಜಿಪ್ಸಿಯ ಮುಂದಿನ ಚಕ್ರಗಳು ಗಡಗಡ ನಡುಗುತ್ತವೆ. ಐವತ್ತು ಅರವತ್ತರ ವೇಗದಲ್ಲಿ ಒಂದು ಗುಂಡಿ ಹಾರಿದರೆ ಸಾಕು, ಸ್ಟೀರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. ಎಷ್ಟೋ ಕಡೆ ನಡುಕ ತಗ್ಗಿಸುವ ಸ್ಟೀರಿಂಗ್ ಡ್ಯಾಂಪರ್ ಬದಲಿಸಿ ಕಳಿಸಿಬಿಡುತ್ತಾರೆ. ನಾಲ್ಕು ದಿನ ಸರಿ, ಆಮೇಲೆ ಮತ್ತೆ ಅದೇ. ಮೊದಲು ವೀಲ್ ಬ್ಯಾಲೆನ್ಸಿಂಗ್ ನೋಡಿ, ಎರಡು ಮುಂಚಕ್ರ ಜೋಡಿಸುವ ಟೈ ರಾಡ್‌ನ ತುದಿಯ ಕೀಲು (ಟೈ ರಾಡ್ ಎಂಡ್) ನೋಡಿ. ಅದಾದ ಮೇಲೆ ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಗೂಟ) ಬೇರಿಂಗ್. ಚಕ್ರ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಪ್ಲೇ, ಅಂದರೆ ಸಡಿಲ ಕಂಡರೆ ಯಾರಿಗಾದರೂ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಹೋದರೆ ವೀಲ್ ಬೇರಿಂಗ್. ಆಗಲೂ ಉಳಿದರೆ ಕಿಂಗ್‌ಪಿನ್ನಿನದೇ ತೊಂದರೆ.

ನಾನು ಎಡಗಡೆಯ ಸ್ಟೀರಿಂಗ್ ನಕಲ್ (ಕಿಂಗ್‌ಪಿನ್ ಮೇಲೆ ಚಕ್ರದ ಜೊತೆ ತಿರುಗುವ ಭಾಗ) ಬಿಚ್ಚಿದಾಗ ಒಳಗಿನ ಗ್ರೀಸ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ನಕಲ್‌ನ ಹಿಂಬದಿಯ ಫೆಲ್ಟ್ ಸೀಲ್ ಸವೆದು ಹಳ್ಳದ ನೀರೆಲ್ಲ ಒಳಗೆ ಬಂದಿತ್ತು. ಕೆಳಗಿನ ಬೇರಿಂಗ್‌ನ ಹೊರ ರೇಸ್ (ರೋಲರ್‌ಗಳು ಉರುಳುವ ಬಳೆ) ತೊಳೆದು ಬೆಳಕಿಗೆ ಹಿಡಿದೆ. ರೋಲರ್‌ಗಳು ಒಂದೇ ಜಾಗದಲ್ಲಿ ಬಡಿದು ಬಡಿದು ಸಾಲಾಗಿ ಗೆರೆ ಬಿದ್ದಿದ್ದವು. ಉಗುರು ಆಡಿಸಿದರೆ ಒಂದೊಂದೂ ತಗಲುತ್ತಿತ್ತು. ಅಂಥ ರೇಸ್ ಮೇಲೆ ಎಷ್ಟು ಗ್ರೀಸ್ ತುಂಬಿದರೂ ನಡುಕ ಹೋಗುವುದಿಲ್ಲ. ಎರಡೂ ಕಡೆ ಮೇಲೆ ಕೆಳಗೆ ಬೇರಿಂಗ್, ಸೀಲ್ ಎಲ್ಲ ಹೊಸದು ಹಾಕಿದೆ. ಬಿಗಿ ಸರಿಮಾಡುವುದು ಕಿಂಗ್‌ಪಿನ್ ಜೊತೆ ಕೂರುವ ತೆಳು ಶಿಮ್‌ಗಳಿಂದ. ಶಿಮ್ ತೆಗೆದರೆ ಬಿಗಿ, ಸೇರಿಸಿದರೆ ಸಡಿಲ. ಸೀಲ್ ಕೂರಿಸುವ ಮೊದಲು ಟೈ ರಾಡ್ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು, ಸರ್ವಿಸ್ ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಬಲಕ್ಕೆ ನಕಲ್ ತಿರುಗುತ್ತದೆಯೇ ಅಂತ ನೋಡಬೇಕು. ಅಂದಾಜಿನ ಮೇಲೆ ಬಿಗಿ ಮಾಡುವ ಕೆಲಸ ಅಲ್ಲ ಇದು. ಈ ಒಂದು ಕೆಲಸ ಆದ ಮೇಲೆ ಚಾರ್ಮಾಡಿ ಘಾಟಿಯಲ್ಲಿ ಗಾಡಿ ಇಳಿಸುವಾಗ ಕೈ ಬಿಗಿ ಹಿಡಿಯುವುದೇ ತಪ್ಪಿತು. ಪೂರ್ತಿ ಕೆಲಸದಲ್ಲಿ ಅತಿ ಹೆಚ್ಚು ಸಮಾಧಾನ ಕೊಟ್ಟದ್ದು ಇದೇ.

ಸ್ಪ್ರಿಂಗ್ ಬಗ್ಗೆ ಎಲ್ಲರ ದೂರೂ ಒಂದೇ, ಎಗರುತ್ತದೆ ಅಂತ. ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಅದೂ ಗಡುಸು. ಪ್ಲೇಟ್‌ಗಳನ್ನು ಬಿಡಿಬಿಡಿ ಮಾಡಿ ತುಕ್ಕು ಉಜ್ಜಿ, ಬುಷ್ ಮತ್ತು ಶಾಕಲ್ ಪಿನ್ ಹೊಸದು ಹಾಕಿದಾಗಲೇ ಅರ್ಧ ಎಗರಾಟ ಇಳಿಯಿತು. ಹಿಂದೆ ಒಂದೊಂದು ಪ್ಲೇಟ್ ಕಡಿಮೆ ಮಾಡಿದ್ದೇನೆ. ಇಬ್ಬರು ಮೂವರು ಕೂತರೆ ಹಿತವಾಗಿದೆ. ಗೊಬ್ಬರದ ಮೂಟೆ ಹೇರಿದರೆ ಮಾತ್ರ ಹಿಂಭಾಗ ಕುಸಿದು ಬಡಿಯುತ್ತದೆ. ಭಾರ ಹೊರುವವರು ಪ್ಲೇಟ್ ತೆಗೆಸಬೇಡಿ. ಪಾಲಿಯುರೆಥೇನ್ ಬುಷ್ ಬಾಳಿಕೆ ಬರುತ್ತದೆ, ನಿಜ. ಆದರೆ ಕಿರಿಕಿರಿ ಸದ್ದು, ಗಡುಸು ನಡೆ. ನನಗೆ ರಬ್ಬರೇ ಇಷ್ಟ.

ಟೈರ್: ಕಂಪನಿಯ ಅಳತೆ 205/70 ಆರ್15, ಎತ್ತರ ಸುಮಾರು 668 ಮಿ.ಮೀ. ಎಲ್ಲರ ಕಣ್ಣು ಇರುವುದು 235/75ರ ಮೇಲೆ. ಅದರ ಎತ್ತರ ಸುಮಾರು 733 ಮಿ.ಮೀ., ಅಂದರೆ ಹತ್ತು ಪರ್ಸೆಂಟ್ ಹತ್ತಿರ ಜಾಸ್ತಿ. ಅಷ್ಟೇ ಪ್ರಮಾಣದಲ್ಲಿ ಗೇರ್ ಉದ್ದವಾಗುತ್ತದೆ, 60 ಬಿಎಚ್‌ಪಿ ಎಂಜಿನ್ ಏರಿನಲ್ಲಿ ಏದುಸಿರು ಬಿಡುತ್ತದೆ, ಸ್ಪೀಡೋಮೀಟರ್ ಕಡಿಮೆ ತೋರಿಸುತ್ತದೆ, ಬ್ರೇಕಿಗೂ ಹೊರೆ. ಸಿಗುವ ನೆಲದೆತ್ತರ ಮೂರು ಸೆಂಟಿಮೀಟರ್ ಚಿಲ್ಲರೆ. ನಾನು 215/75ಕ್ಕೆ ನಿಲ್ಲಿಸಿದೆ. ಲಿಫ್ಟ್ ಬೇಕಾಗಲಿಲ್ಲ. ತೋಟದ ಕೆಸರಿಗೆ ಗಾಳಿ ಸ್ವಲ್ಪ ಇಳಿಸಿದರೆ ಅಗಲದ ಟೈರಿಗಿಂತ ಚೆನ್ನಾಗಿ ಹಿಡಿಯುತ್ತದೆ. ಡಾಂಬರಿಗೆ ಬಂದ ಮೇಲೆ ಮತ್ತೆ ತುಂಬಲು ಸಣ್ಣ ಕಂಪ್ರೆಸರ್ ಜೊತೆಯಲ್ಲಿರಲಿ.

ಕಾನೂನಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ರೂಪಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಕ್ರ್ಯಾಶ್ ಗಾರ್ಡ್ (ಹೊರಗಿನಿಂದ ಹಾಕಿಸುವ ಕಬ್ಬಿಣದ ಬಂಪರ್) ಹಾಕಿದವರ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಆರ್‌ಸಿ ನವೀಕರಿಸಬೇಕು. ಬಣ್ಣ ಬದಲಿಸಿದರೆ ಅದೂ ಆರ್‌ಸಿಯಲ್ಲಿ ಬರಬೇಕು. ನನ್ನದು ಮೂಲದ ಬಿಳಿಯೇ. ಮೂಲ ಬಂಪರ್ ವಾಪಸ್ ಹಾಕಿದ್ದಕ್ಕೆ ತೂಕವೂ ಇಳಿಯಿತು, ತಪಾಸಣೆಯ ಚಿಂತೆಯೂ ಹೋಯಿತು.

ಎಂಜಿನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಸ್ಟೀಮ್ ಕಾರಿನ ಎಂಜಿನ್‌ಗೆ ಇದು ಒಡಹುಟ್ಟು, ಭಾಗಗಳು ಸಿಗುತ್ತವೆ, ಕೈಗೆ ಬಗ್ಗುತ್ತದೆ. ಅಲ್ಯೂಮಿನಿಯಂ ಹೆಡ್ ಆದ್ದರಿಂದ ಬಿಸಿ ಏರಲು ಬಿಡಬಾರದು. ರೇಡಿಯೇಟರ್, ಹೋಸ್, ಥರ್ಮೋಸ್ಟಾಟ್ ಹೊಸದಿರಲಿ, ಕೂಲೆಂಟ್ ಬದಲು ಬರೀ ನೀರು ಬೇಡ. ಕಾರ್ಬುರೇಟರ್ ನಿಜವಾಗಿ ಸೋಲುವುದು ಕಡಿದಾದ ಏರಿನಲ್ಲಿ. ಗಾಡಿ ಜಾಸ್ತಿ ವಾಲಿದಾಗ ಕಾರ್ಬುರೇಟರ್‌ನ ಸಣ್ಣ ಬಟ್ಟಲಿನ (ಫ್ಲೋಟ್ ಬೌಲ್) ಪೆಟ್ರೋಲ್ ಒಂದು ಪಕ್ಕಕ್ಕೆ ಹೋಗಿ ಎಂಜಿನ್ ಮುಗ್ಗರಿಸುತ್ತದೆ. ಫ್ಲೋಟ್ ಮಟ್ಟ ಸರಿ ಇಟ್ಟರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಈಗ ಬಂಕುಗಳಲ್ಲಿ ಸಿಗುವುದು ಇ20, ಅಂದರೆ ಇಪ್ಪತ್ತು ಪರ್ಸೆಂಟ್‌ವರೆಗೆ ಎಥೆನಾಲ್ ಬೆರೆಸಿದ ಪೆಟ್ರೋಲ್. 1998ರ ರಬ್ಬರ್ ಪೈಪ್‌ಗಳು ಅದಕ್ಕಾಗಿ ಮಾಡಿದ್ದಲ್ಲ. ಪೆಟ್ರೋಲ್ ಹೋಸ್ ಮತ್ತು ಕಾರ್ಬುರೇಟರ್ ಕಿಟ್ ಎರಡನ್ನೂ ಎಥೆನಾಲ್ ತಡೆಯುವಂಥದ್ದೇ ಹಾಕಿ. ಗಾಡಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಎಥೆನಾಲ್ ತೇವ ಎಳೆದುಕೊಂಡು ಟ್ಯಾಂಕ್ ಒಳಗೆ ತುಕ್ಕು ಹಿಡಿಯುತ್ತದೆ.

ಹಳ್ಳ ದಾಟುವವರಿಗೆ ಅಗ್ಗದ ಒಂದು ಕೆಲಸ: ಆಕ್ಸಲ್‌ಗಳ ಬ್ರೀದರ್‌ಗೆ (ಗಾಳಿ ಆಡುವ ತೂತು) ಪೈಪ್ ಜೋಡಿಸಿ ಮೇಲಕ್ಕೆ ಎತ್ತಿ ಕಟ್ಟಿ. ಬಿಸಿ ಆಕ್ಸಲ್ ತಣ್ಣನೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರು ಹೀರಿಕೊಳ್ಳುತ್ತದೆ. ಪೈಪ್ ಹಾಕಿದ ಮೇಲೆ ಡಿಫರೆನ್ಶಿಯಲ್ ಆಯಿಲ್ ಬೆಳ್ಳಗಾದದ್ದು ನಾನು ನೋಡಿಲ್ಲ. ಫೋರ್ ವೀಲ್ ಡ್ರೈವ್ ಮಾತ್ರ ಒಣ ಡಾಂಬರಿನ ಮೇಲೆ ಹಾಕಬೇಡಿ. ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ನಡುವೆ ಇಲ್ಲ, ತಿರುವಿನಲ್ಲಿ ಗೇರು ಶಾಫ್ಟ್ ಎಲ್ಲ ತಿರುಚಿಕೊಳ್ಳುತ್ತವೆ. ಶಕ್ತಿಯನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸ್‌ನಿಂದ ಬೇರೆಯಾಗಿ ರಬ್ಬರ್ ಮೌಂಟ್ ಮೇಲೆ ಕೂತಿದೆ. ಹಠಾತ್ತನೆ ನೆಲದಿಂದ ಗುಯ್ಗುಡುವ ನಡುಕ ಶುರುವಾದರೆ ಮೊದಲು ಆ ರಬ್ಬರ್ ನೋಡಿ.

ಇಷ್ಟೆಲ್ಲ ಮಾಡಿದ ಮೇಲೂ ಸರಿಹೋಗದೆ ಉಳಿದದ್ದು ಇದೆ. ಗಾಡಿ ನಿಂತಲ್ಲೇ ತಿರುಗಿಸಲು ಸ್ಟೀರಿಂಗ್ ಭಾರ, ಅಮ್ಮನಿಗೆ ಓಡಿಸಲು ಆಗುವುದಿಲ್ಲ. ಜೋರು ಮಳೆಗೆ ಬಾಗಿಲ ಸಂದಿನಿಂದ ನೀರು ಬರುತ್ತದೆ. ಎಂಬತ್ತು ದಾಟಿದರೆ ಮಾತಾಡಲು ಕೂಗಬೇಕು. ಹಿಂದೆ ಅಡ್ಡ ಸೀಟಿನಲ್ಲಿ ಮಕ್ಕಳನ್ನು ಕೂರಿಸಿ ದೂರ ಹೋಗಬಾರದು, ಅಲ್ಲಿ ರಕ್ಷಣೆ ಏನೂ ಇಲ್ಲ. ಮೈಲೇಜ್ ತೋಟದಲ್ಲಿ ಒಂಬತ್ತು, ಹೆದ್ದಾರಿಯಲ್ಲಿ ಹನ್ನೊಂದರ ಆಸುಪಾಸು.

ಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇನ್ನೂ ಸಿಗುತ್ತವೆ. ಬೇರಿಂಗ್, ಬ್ರೇಕ್, ಬುಷ್, ಎಂಜಿನ್ ಸಾಮಾನಿಗೆ ತೊಂದರೆಯಿಲ್ಲ. ವಿಂಡ್‌ಶೀಲ್ಡ್ ಚೌಕಟ್ಟು, ಬಾಗಿಲು, ಡ್ಯಾಶ್‌ಬೋರ್ಡ್ ಸ್ವಿಚ್‌ಗಳು ದಿನೇ ದಿನೇ ದುಬಾರಿ. ಒಳ್ಳೆಯದು ಕಣ್ಣಿಗೆ ಬಿದ್ದ ದಿನವೇ ತಂದಿಟ್ಟುಕೊಳ್ಳಿ. ಕಿಂಗ್‌ಪಿನ್ ಬೇರಿಂಗ್ ತಗೊಳ್ಳುವಾಗ ಪೆಟ್ಟಿಗೆ ನೋಡಿ ನಂಬಬೇಡಿ. ಹಳೇ ಬೇರಿಂಗ್ ಜೊತೆಗೇ ಒಯ್ದು, ಅದರ ಮೇಲೆ ಕೊರೆದ ನಂಬರ್ ಹೊಸದರ ನಂಬರಿಗೆ ತಾಳೆ ನೋಡಿಯೇ ದುಡ್ಡು ಕೊಡಿ.